ಹಾಡು, ವಿಡಿಯೊ, ಪೋಸ್ಟರು: ಮೂರಕ್ಕೂ ಒಂದೇ ಮುಖವಿರಲಿ



ಕಳೆದ ಸಂಚಿಕೆಯ ಈ ಅಂಕಣದಲ್ಲಿ ರಾಜ್ಯೋತ್ಸವದ ನಾಟಕಕ್ಕೆ ಕಡಿಮೆ ಖರ್ಚಿನಲ್ಲಿ ರಂಗಸಜ್ಜಿಕೆ ಮಾಡಿಕೊಳ್ಳುವ ಬಗೆಯನ್ನು ಬರೆದಿದ್ದೆವು. ಈ ಸಲ ಹಾಡುವವರ ಸರದಿ. ಕೊಲ್ಲಿ ನಾಡುಗಳಲ್ಲಿ ನಮ್ಮವರು ನಾಲ್ಕು ಜನ ಸೇರಿದ ಕಡೆ ಒಂದು ಬ್ಯಾಂಡು ಹುಟ್ಟುತ್ತಿರುವುದು ಸಂತೋಷದ ಸಂಗತಿ. ಎ.ಸಿ. ರಿಪೇರಿ ಮಾಡುವವರ ಕೈಯಲ್ಲಿ ಗಿಟಾರ್, ಟ್ರೈಲರ್ ಓಡಿಸುವವರ ಮುಂದೆ ತಬಲಾ, ಆಸ್ಪತ್ರೆಯ ರಾತ್ರಿ ಡ್ಯೂಟಿ ಮುಗಿಸಿ ಬಂದ ಸೋದರಿಯ ಕೈಯಲ್ಲಿ ಮೈಕು. ಎರಡು ಮೂರು ಕಾರ್ಯಕ್ರಮ ಆಗುತ್ತಲೇ ಎಲ್ಲರಿಗೂ ಹುಟ್ಟುವ ಆಸೆ ಒಂದೇ: ನಮ್ಮದೂ ಒಂದು ಮ್ಯೂಸಿಕ್ ವಿಡಿಯೊ ಆಗಬೇಕು, ಅದಕ್ಕೆ ಒಪ್ಪುವ ಪೋಸ್ಟರು, ಬ್ಯಾನರು, ಟೀ ಶರ್ಟು ಇರಬೇಕು.

ಆಸೆ ಒಳ್ಳೆಯದೇ. ಆದರೆ ಕ್ಯಾಮೆರಾ ಹಿಡಿಯುವ ಮೊದಲು ಒಂದು ಪ್ರಶ್ನೆಯನ್ನು ನಾವು ನಾವೇ ಕೇಳಿಕೊಳ್ಳಬೇಕು. ಇದನ್ನು ನೋಡುವವರು ಯಾರು? ಇಲ್ಲಿನ ಗೆಳೆಯರು ನೋಡುತ್ತಾರೆ, ಅವರಿಗೆ ನಮ್ಮ ಬದುಕು ಗೊತ್ತು. ಹೆಚ್ಚು ಸಲ ನೋಡುವವರು ಊರಿನವರು. ಬಾಡಿಗೆಗೆ ತಂದ ದುಬಾರಿ ಕಾರು, ಹಿಂದೆ ಬುರ್ಜ್ ಖಲೀಫಾ, ಕಣ್ಣಿಗೆ ಕಪ್ಪು ಕನ್ನಡಕ. ಇಂಥ ವಿಡಿಯೊಗಳು ಸಾಕಷ್ಟು ಬಂದಿವೆ. ಅದನ್ನು ನೋಡಿದ ತಮ್ಮ ಅಣ್ಣನ ಜೀವನ ಹೀಗೇ ಇದೆ ಎಂದುಕೊಳ್ಳುತ್ತಾನೆ. ಓದು ಬಿಟ್ಟು, ಅಮ್ಮನ ಬಳೆ ಅಡವಿಟ್ಟು, ಯಾರೋ ಏಜೆಂಟನ ಕೈಗೆ ದುಡ್ಡು ಕೊಡುತ್ತಾನೆ. ಆರು ಜನರ ರೂಮಿನಲ್ಲಿ ಮೇಲಿನ ಮಂಚದಲ್ಲಿ ಮಲಗುವ ನಾವು ತೋರಿಸಿದ ಚಿತ್ರವನ್ನು ನಂಬಿಯೇ ಅವನು ಹೊರಡುತ್ತಾನೆ. ಹಾಡಿನ ವಿಡಿಯೊ ಎಂದು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಅದು ಊರಿಗೆ ನಾವು ಬರೆಯುವ ಕಾಗದವೂ ಹೌದು.

ಹಾಗಾದರೆ ಕಷ್ಟವನ್ನೇ ತೋರಿಸಿ ಅಳಿಸಬೇಕೇ? ಬೇಡ. ನಿಜವಾದ ಒಂದು ಚಿತ್ರವನ್ನು ಆರಿಸಿಕೊಂಡು ಅದನ್ನೇ ವಿಡಿಯೊದಲ್ಲೂ ಪೋಸ್ಟರಿನಲ್ಲೂ ನಿಲ್ಲಿಸಿದರೆ ಸಾಕು. ಹಾಗೆ ಮಾಡಿದರೆ ಖರ್ಚೂ ಕಡಿಮೆ, ನೆನಪಿನಲ್ಲಿಯೂ ಉಳಿಯುತ್ತದೆ.

ದೊಡ್ಡವರು ಮಾಡಿದ್ದೂ ಇದನ್ನೇ. ಇಂಗ್ಲೆಂಡಿನ ಕ್ವೀನ್ ಬ್ಯಾಂಡಿನ ಎರಡನೆಯ ಆಲ್ಬಂ 1974ರಲ್ಲಿ ಬಂತು. ಅದರ ಹೊದಿಕೆಗೆ ಮಿಕ್ ರಾಕ್ ಎಂಬ ಛಾಯಾಗ್ರಾಹಕರು ಕತ್ತಲೆಯಲ್ಲಿ ನಾಲ್ಕು ಮುಖಗಳು ಮಾತ್ರ ಬೆಳಗುವ ಫೋಟೊ ತೆಗೆದಿದ್ದರು. ಮರುವರ್ಷ, 1975ರ ನವೆಂಬರಿನಲ್ಲಿ, ‘ಬೊಹೀಮಿಯನ್ ರ‍್ಯಾಪ್ಸೊಡಿ’ ಹಾಡಿಗೆ ಬ್ರೂಸ್ ಗವರ್ಸ್ ನಿರ್ದೇಶನದಲ್ಲಿ ವಿಡಿಯೊ ಮಾಡುವಾಗ ಆ ಫೋಟೊಗೇ ಜೀವ ಕೊಟ್ಟರು. ಅದೇ ಕತ್ತಲೆ, ಅದೇ ನಾಲ್ಕು ಮುಖ, ಈಗ ಹಾಡುತ್ತಿರುವ ಮುಖ. ಚಿತ್ರೀಕರಣ ಮುಗಿದದ್ದು ಸುಮಾರು ನಾಲ್ಕು ಗಂಟೆಯಲ್ಲಿ. ಐವತ್ತು ವರ್ಷದ ಬಳಿಕವೂ ಆ ಬ್ಯಾಂಡು ಎಂದರೆ ಜನರ ಕಣ್ಣಿಗೆ ಬರುವುದು ಆ ಚಿತ್ರವೇ. ಅಮೆರಿಕದ ಓಕೆ ಗೋ ಎಂಬ ಬ್ಯಾಂಡು 2006ರಲ್ಲಿ ಎಂಟು ಟ್ರೆಡ್‌ಮಿಲ್ ಇಟ್ಟು, ಕ್ಯಾಮೆರಾವನ್ನು ಒಂದೇ ಕಡೆ ನಿಲ್ಲಿಸಿ, ಎಲ್ಲಿಯೂ ಕತ್ತರಿಸದೆ ಒಂದೇ ಓಟದಲ್ಲಿ ಹಾಡು ಮುಗಿಸಿತು. ಅದಕ್ಕೆ ಗ್ರ್ಯಾಮಿ ಪ್ರಶಸ್ತಿಯೂ ಬಂತು. ನಮ್ಮ ರಘು ದೀಕ್ಷಿತ್ ಅವರನ್ನೇ ನೋಡಿ: ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ, ಕೈಯಲ್ಲಿ ಗಿಟಾರು. ದೂರದಿಂದ ನೋಡಿದರೂ ಯಾರೆಂದು ಗೊತ್ತಾಗುತ್ತದೆ.

ಇನ್ನು ನಮ್ಮ ಕೆಲಸಕ್ಕೆ ಬರೋಣ.

ಮೊದಲನೆಯದು ಹಾಡು. ಸಿನಿಮಾ ಹಾಡನ್ನು ಹಾಡಿ ವಿಡಿಯೊ ಮಾಡುವುದು ಸುಲಭ ಎಂದು ತೋರುತ್ತದೆ. ಆದರೆ ಆ ಹಾಡಿಗೆ ಒಡೆಯರಿದ್ದಾರೆ. ಯೂಟ್ಯೂಬಿನ ಕಂಟೆಂಟ್ ಐಡಿ ಎಂಬ ವ್ಯವಸ್ಥೆ ತಾನಾಗಿಯೇ ಹಾಡನ್ನು ಗುರುತಿಸುತ್ತದೆ. ಒಡೆಯರು ಬಯಸಿದರೆ ವಿಡಿಯೊವನ್ನು ತಡೆಯಬಹುದು, ಅಥವಾ ಜಾಹೀರಾತಿನ ಹಣವನ್ನು ತಾವು ತೆಗೆದುಕೊಳ್ಳಬಹುದು. ಕವಿಗಳ ಹಾಡಿಗೂ ಇದೇ ಮಾತು. ಭಾರತದ ಕಾನೂನಿನಂತೆ ಕವಿ ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಆದ್ದರಿಂದ ಅವರ ಕವಿತೆಗಳ ಹಕ್ಕು 2041ರ ಕೊನೆಯವರೆಗೆ ಇರುತ್ತದೆ. ಕುವೆಂಪು ಅವರದು 2054ರವರೆಗೆ. ದಾಸರ ಪದ, ವಚನ, ಜನಪದ, ಶಿಶುನಾಳ ಷರೀಫರ ಪದಗಳಿಗೆ ಈ ತೊಡಕಿಲ್ಲ. ಷರೀಫರು ತೀರಿಕೊಂಡದ್ದು 1889ರಲ್ಲಿ. ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಪದ ಷರೀಫರದಾದರೂ ನಮ್ಮ ಕಿವಿಯಲ್ಲಿ ಕೂತಿರುವ ಎಷ್ಟೋ ಧಾಟಿಗಳು ಸಿ. ಅಶ್ವಥ್ ಅವರು ಕಟ್ಟಿದವು. ಅವರು ತೀರಿಕೊಂಡದ್ದು 2009ರಲ್ಲಿ. ಪದ ತೆಗೆದುಕೊಳ್ಳಿ, ರಾಗ ನೀವೇ ಹಾಕಿ. ಎಲ್ಲಕ್ಕಿಂತ ಒಳ್ಳೆಯದು ನಮ್ಮಲ್ಲೇ ಒಬ್ಬರು ಬರೆದ ಹಾಡು.

ಎರಡನೆಯದು ಆ ಒಂದು ಚಿತ್ರ. ರಜೆಗೆ ಊರಿಗೆ ಹೊರಡುವ ಹಾಡು ಎಂದಿಟ್ಟುಕೊಳ್ಳಿ. ನಮ್ಮೆಲ್ಲರ ರೂಮಿನಲ್ಲೂ ಇರುವ ವಸ್ತು ಯಾವುದು? ರಟ್ಟಿನ ಪೆಟ್ಟಿಗೆ. ತಿಂಗಳುಗಟ್ಟಲೆ ಮಂಚದ ಕೆಳಗೆ ತುಂಬುತ್ತಾ ಹೋಗುವ, ಕೊನೆಗೆ ಹಗ್ಗ ಬಿಗಿದು, ಮಾರ್ಕರ್ ಪೆನ್ನಿನಲ್ಲಿ ಹೆಸರು, ಊರು ಬರೆದು, ಮೂವತ್ತು ಕಿಲೋ ದಾಟಿತೇ ಎಂದು ತೂಗಿ ನೋಡುವ ಪೆಟ್ಟಿಗೆ. ಹಾಡು ನಡೆಯುವಷ್ಟು ಹೊತ್ತೂ ಒಂದು ಪೆಟ್ಟಿಗೆ ತುಂಬಲಿ. ಮಗುವಿನ ಚಪ್ಪಲಿ, ಹಾಲಿನ ಪುಡಿಯ ಡಬ್ಬ, ಟೈಗರ್ ಬಾಮ್, ಅಪ್ಪನಿಗೆ ಟಾರ್ಚು. ಕೊನೆಯಲ್ಲಿ ಹಗ್ಗ ಬಿಗಿಯುವ ಕೈ. ಇದಕ್ಕೆ ಬಾಡಿಗೆ ಕಾರು ಬೇಡ, ಡ್ರೋನ್ ಬೇಡ. ಮಂಗಳೂರಿನ ತಾಯಿಗೂ ಕಲಬುರಗಿಯ ತಾಯಿಗೂ ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಮೂರನೆಯದು ಜಾಗ ಮತ್ತು ಅನುಮತಿ. ಇಲ್ಲಿ ಸಲಿಗೆ ಬೇಡ. ಸರ್ಕಾರಿ ಕಟ್ಟಡ, ಬಂದರು, ವಿಮಾನ ನಿಲ್ದಾಣ, ತೈಲ ಘಟಕ, ಪೊಲೀಸ್ ಮತ್ತು ಸೇನೆಯ ಜಾಗಗಳ ಕಡೆ ಕ್ಯಾಮೆರಾ ತಿರುಗಿಸಬೇಡಿ. ಅನುಮತಿಯಿಲ್ಲದೆ ಡ್ರೋನ್ ಹಾರಿಸಬೇಡಿ. ಬೀದಿಯಲ್ಲಿ, ಬೀಚಿನಲ್ಲಿ ಬ್ಯಾಂಡು ನಿಲ್ಲಿಸಿ ಚಿತ್ರೀಕರಿಸುವುದಾದರೆ ಆಯಾ ಊರಿನ ಅಧಿಕಾರಿಗಳ ಪರವಾನಗಿ ಕೇಳಿ. ಯು.ಎ.ಇ.ಯಲ್ಲಿ ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಫೋಟೊ ತೆಗೆದು ಹಂಚಿ ಅವರ ಖಾಸಗಿತನಕ್ಕೆ ಧಕ್ಕೆ ತಂದರೆ 2021ರ ಸೈಬರ್ ಅಪರಾಧ ಕಾನೂನಿನಡಿ ಶಿಕ್ಷೆಯಿದೆ; ಹಿಂದೆ ನಡೆದು ಹೋಗುವ ಕುಟುಂಬದ ಮುಖವೂ ಬರಬಾರದು. ಕಂಪನಿಯ ಹೆಸರಿರುವ ಯೂನಿಫಾರಂ, ಸೈಟು, ಗಾಡಿ ಕಾಣಬೇಕಾದರೆ ಕಂಪನಿಯ ಒಪ್ಪಿಗೆ ಬರಹದಲ್ಲಿರಲಿ. ಇಲ್ಲದಿದ್ದರೆ ಹೆಸರಿಲ್ಲದ ಶರ್ಟು ಹಾಕಿಕೊಳ್ಳಿ. ನಾಲ್ಕು ನಿಮಿಷದ ಹಾಡಿಗಾಗಿ ಯಾರ ಕೆಲಸವೂ ಹೋಗಬಾರದು. ಪೆಟ್ಟಿಗೆಯ ಕಥೆ ನಾಲ್ಕು ಗೋಡೆಯೊಳಗೆ ಮುಗಿಯುತ್ತದೆ ಎಂಬುದೂ ಅದನ್ನು ನಾವು ಹೇಳಲು ಒಂದು ಕಾರಣ. ಮನೆಯ ಒಡೆಯರ, ರೂಮಿನ ಉಳಿದವರ ಒಪ್ಪಿಗೆ ಮಾತ್ರ ಮರೆಯಬೇಡಿ.

ನಾಲ್ಕನೆಯದು ಚಿತ್ರೀಕರಣ. ಹಾಡನ್ನು ಮೊದಲೇ ಚೆನ್ನಾಗಿ ರೆಕಾರ್ಡ್ ಮಾಡಿಸಿ. ದುಡ್ಡು ಉಳಿದರೆ ಅದನ್ನು ಇಲ್ಲಿಗೇ ಹಾಕಿ. ಮಸುಕು ಚಿತ್ರವನ್ನು ಜನ ಸಹಿಸುತ್ತಾರೆ, ಗೊರಗೊರ ಸದ್ದನ್ನು ಸಹಿಸುವುದಿಲ್ಲ. ಶೂಟಿಂಗ್ ವೇಳೆ ಆ ಹಾಡನ್ನು ಸ್ಪೀಕರಿನಲ್ಲಿ ಹಾಕಿ, ತುಟಿ ಮಾತ್ರ ಆಡಿಸದೆ ನಿಜವಾಗಿಯೇ ದನಿ ತೆಗೆದು ಹಾಡಿ. ಆಗಲೇ ಕತ್ತಿನ ನರ ಉಬ್ಬುವುದು, ಮುಖ ನಿಜವಾಗಿ ಕಾಣುವುದು. ಪ್ರತಿ ಸಲ ಆರಂಭದಲ್ಲಿ ಒಂದು ಚಪ್ಪಾಳೆ ಹೊಡೆದರೆ ಎಡಿಟ್ ಮಾಡುವವರಿಗೆ ದನಿ ಮತ್ತು ಚಿತ್ರ ಕೂಡಿಸಲು ಅನುಕೂಲ.

ಟ್ಯೂಬ್‌ಲೈಟಿನ ಕೆಳಗೆ ತೆಗೆದ ವಿಡಿಯೊ ಮಿಣಮಿಣ ಎನ್ನುವುದನ್ನು ನೀವು ನೋಡಿರಬಹುದು. ಅದಕ್ಕೆ ಕಾರಣ ಕರೆಂಟು. ಯು.ಎ.ಇ., ಒಮಾನ್, ಕತಾರ್, ಕುವೈತ್, ಬಹರೈನ್‌ಗಳಲ್ಲಿ, ನಮ್ಮ ಊರಿನಲ್ಲಿದ್ದಂತೆಯೇ, ವಿದ್ಯುತ್ತು 50 ಹರ್ಟ್ಸ್. ಅಲ್ಲಿ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಇಡಿ. ಸೌದಿಯಲ್ಲಿ 60 ಹರ್ಟ್ಸ್. ಅಲ್ಲಿ 30 ಫ್ರೇಮ್, ಶಟರ್ 1/60. ಮೊಬೈಲಿನಲ್ಲಿ ತೆಗೆಯುವವರೂ ಸೆಟ್ಟಿಂಗಿಗೆ ಹೋಗಿ ಇದನ್ನು ಬದಲಿಸಿಕೊಳ್ಳಬಹುದು. ಹೊರಗಿನ ಚಿತ್ರೀಕರಣವಾದರೆ ನವೆಂಬರಿನಿಂದ ಮಾರ್ಚ್ ಒಳಗೆ, ಸೂರ್ಯ ಮುಳುಗುವ ಮುಂಚಿನ ಒಂದು ಗಂಟೆ ಹೊಂದಿಸಿಕೊಳ್ಳಿ. ಡಿಸೆಂಬರಿನಲ್ಲಿ ದುಬೈಯಲ್ಲಿ ಸೂರ್ಯ ಮುಳುಗುವುದು ಐದೂವರೆಯ ಸುಮಾರಿಗೆ. ಎಲ್ಲರಿಗೂ ಒಂದೇ ದಿನ ರಜೆ ಸಿಗುವುದು ಕಷ್ಟ. ಆದ್ದರಿಂದ ಯಾರು ಎಷ್ಟು ಗಂಟೆಗೆ ಬರುತ್ತಾರೆ, ಯಾವ ದೃಶ್ಯ ಮೊದಲು ಎಂಬ ಪಟ್ಟಿಯನ್ನು ಹಿಂದಿನ ವಾರವೇ ಬರೆದು ವಾಟ್ಸಾಪಿನಲ್ಲಿ ಹಾಕಿ. ರಾತ್ರಿ ಪಾಳಿಯವರ ದೃಶ್ಯವನ್ನು ಮೊದಲು ಮುಗಿಸಿ ಅವರನ್ನು ಮಲಗಲು ಕಳುಹಿಸಿ.

ಐದನೆಯದು ಪೋಸ್ಟರು. ವಿಡಿಯೊಗೂ ಪೋಸ್ಟರಿಗೂ ಹೊಂದಿಕೆಯಾಗದೆ ಇರಲು ಹೆಚ್ಚಾಗಿ ಒಂದೇ ಕಾರಣ: ಫೋಟೊವನ್ನು ಬೇರೆ ದಿನ, ಬೇರೆ ಬಟ್ಟೆಯಲ್ಲಿ, ಬೇರೆ ಬೆಳಕಿನಲ್ಲಿ ತೆಗೆದಿರುತ್ತಾರೆ. ಶೂಟಿಂಗ್ ದಿನವೇ, ಅದೇ ಬಟ್ಟೆಯಲ್ಲಿ, ಪೆಟ್ಟಿಗೆಯ ಸುತ್ತ ನಿಂತು ಇಪ್ಪತ್ತು ನಿಮಿಷ ಫೋಟೊಗೆಂದೇ ಬಿಡಿ. ಉದ್ದುದ್ದ ಒಂದು, ಅಡ್ಡಡ್ಡ ಒಂದು, ಮೇಲೆ ಹೆಸರು ಹಾಕಲು ಖಾಲಿ ಜಾಗ ಬಿಟ್ಟು ಒಂದು. ಯೂಟ್ಯೂಬಿನ ಮುಖಚಿತ್ರಕ್ಕೆ 1280×720, ರೀಲ್ಸಿಗೆ 1080×1920 ಪಿಕ್ಸೆಲ್ ಬೇಕು. ಎ3 ಪೋಸ್ಟರು ಅಚ್ಚು ಚೆನ್ನಾಗಿ ಬರಬೇಕಾದರೆ ಸುಮಾರು 3508×4961 ಪಿಕ್ಸೆಲ್ ಇರಬೇಕು. ವಾಟ್ಸಾಪಿನಲ್ಲಿ ಫೋಟೊ ಎಂದು ಕಳುಹಿಸಿದರೆ ಅದು ಕುಗ್ಗುತ್ತದೆ, ಡಾಕ್ಯುಮೆಂಟ್ ಎಂದು ಕಳುಹಿಸಿ.

ಬಣ್ಣ ಎರಡೇ ಸಾಕು. ಪೆಟ್ಟಿಗೆಯ ಕಂದು, ಮಾರ್ಕರಿನ ಕಪ್ಪು. ಟೀ ಶರ್ಟಿಗೂ ಅದೇ, ಬ್ಯಾನರಿಗೂ ಅದೇ, ವಿಡಿಯೊದ ಕೊನೆಯಲ್ಲಿ ಬರುವ ಹೆಸರುಗಳಿಗೂ ಅದೇ.

ಅಕ್ಷರದ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಯೂನಿಕೋಡಿಗೆ ಮೊದಲಿನ ಪದ್ಧತಿಯಲ್ಲಿ ಬರೆದದ್ದು ಬೇರೆ ಕಂಪ್ಯೂಟರಿಗೆ ಹೋದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗುತ್ತವೆ. ಯೂನಿಕೋಡ್ ಬಳಸಿದರೂ ಫೋಟೊಶಾಪಿನ ಹಳೆಯ ಆವೃತ್ತಿಗಳಲ್ಲಿ ಭಾರತೀಯ ಭಾಷೆಗಳ ಆಯ್ಕೆ ಹಾಕಿಕೊಳ್ಳದಿದ್ದರೆ ಒತ್ತಕ್ಷರ ಒಡೆದು ಅಕ್ಷರದ ಪಕ್ಕಕ್ಕೆ ಬಂದು ಕೂರುತ್ತದೆ. ಇಲ್ಲಿನ ಅಚ್ಚುಮನೆಯವರಿಗೆ ಕನ್ನಡ ಗೊತ್ತಿರುವುದಿಲ್ಲ. ಒಡೆದ ಒತ್ತು ಅವರ ಕಣ್ಣಿಗೆ ಬೀಳುವುದಿಲ್ಲ. ರಾಜ್ಯೋತ್ಸವದ ಬ್ಯಾನರಿನಲ್ಲೇ ಕನ್ನಡ ಒಡೆದಿದ್ದರೆ ಅದಕ್ಕಿಂತ ನಾಚಿಕೆಗೇಡು ಬೇರೆ ಇಲ್ಲ. ನೋಟೊ ಸಾನ್ಸ್ ಕನ್ನಡ, ಬಲೂ ತಮ್ಮ ಮುಂತಾದ ಮುಕ್ತ ಯೂನಿಕೋಡ್ ಫಾಂಟುಗಳು ಉಚಿತವಾಗಿ ಸಿಗುತ್ತವೆ. ಅಕ್ಷರಗಳನ್ನು ಆಕಾರಗಳಾಗಿ ಬದಲಿಸಿ ಪಿಡಿಎಫ್ ಮಾಡಿಕೊಟ್ಟರೆ ಎಲ್ಲಿ ಅಚ್ಚು ಹಾಕಿಸಿದರೂ ಕೆಡುವುದಿಲ್ಲ. ಇನ್ನೂ ಸುಲಭದ ದಾರಿ ಬೇಕೇ? ನಿಮ್ಮಲ್ಲಿ ಯಾರ ಕೈಬರಹ ಚೆನ್ನಾಗಿದೆಯೋ ಅವರು ಬ್ಯಾಂಡಿನ ಹೆಸರನ್ನು ಮಾರ್ಕರಿನಲ್ಲಿ ಆ ರಟ್ಟಿನ ಮೇಲೇ ಬರೆಯಲಿ. ಅದರ ಫೋಟೊ ತೆಗೆಯಿರಿ. ಅದೇ ನಿಮ್ಮ ಲಾಂಛನ.

ಆರನೆಯದು ಹಣ ಮತ್ತು ಹೆಸರು. ಬ್ಯಾಂಡಿನವರು ತಮ್ಮತಮ್ಮೊಳಗೆ ಖರ್ಚು ಹಂಚಿಕೊಳ್ಳುವುದು ಬೇರೆ, ಸಾರ್ವಜನಿಕರಿಂದ ದೇಣಿಗೆ ಎತ್ತುವುದು ಬೇರೆ. ಯು.ಎ.ಇ.ಯಲ್ಲಿ ಪರವಾನಗಿ ಇಲ್ಲದೆ ದೇಣಿಗೆ ಎತ್ತುವಂತಿಲ್ಲ. ವಾಟ್ಸಾಪ್ ಗುಂಪಿನಲ್ಲಿ ಹಣ ಕೇಳುವ ಸಂದೇಶ ಹಾಕುವ ಮುಂಚೆ ಸಂಘದ ಪದಾಧಿಕಾರಿಗಳ ಜೊತೆ ಮಾತಾಡಿ. ಟಿಕೆಟ್ ಇಟ್ಟು ಕಾರ್ಯಕ್ರಮ ಮಾಡುವುದಾದರೂ ಹಾಗೆಯೇ. ಲೆಕ್ಕವನ್ನು ಒಬ್ಬರು ಬರೆಯಲಿ, ಎಲ್ಲರೂ ನೋಡಲಿ. ಹಾಡಿನಿಂದ ಮುಂದೆ ಎರಡು ಕಾಸು ಬಂದರೆ ಯಾರಿಗೆ ಎಷ್ಟು ಎಂಬುದನ್ನೂ ಈಗಲೇ ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಹಣ ಬಂದ ಮೇಲೆ ಬರೆಯಲು ಕೂತರೆ ಬ್ಯಾಂಡು ಉಳಿಯುವುದಿಲ್ಲ.

ವಿಡಿಯೊದ ಕೊನೆಯಲ್ಲಿ ದುಡಿದ ಎಲ್ಲರ ಹೆಸರೂ ಬರಲಿ. ಬರೆದವರು, ಹಾಡಿದವರು, ದೀಪ ಹಿಡಿದವರು, ಎಲ್ಲರಿಗೂ ಬಿರಿಯಾನಿ ತಂದವರು, ತಮ್ಮ ಮಂಚ ಬಿಟ್ಟುಕೊಟ್ಟು ಹೊರಗೆ ಕಾದು ಕೂತವರು. ಇಲ್ಲಿ ನಮ್ಮ ಹೆಸರು ಕಾಣುವುದು ಬತಾಕಾದಲ್ಲಿ, ಸಂಬಳದ ಪಟ್ಟಿಯಲ್ಲಿ. ನಾವು ಕಟ್ಟಿದ ಕಟ್ಟಡದ ಮೇಲೆ ನಮ್ಮ ಹೆಸರಿಲ್ಲ, ಇರಬೇಕೆಂದು ಯಾರೂ ಕೇಳುವುದೂ ಇಲ್ಲ. ನಾವು ಕಟ್ಟಿದ ಹಾಡಿನಲ್ಲಾದರೂ ಇರಲಿ, ತಂದೆಯ ಹೆಸರಿನೊಡನೆ, ಊರಿನ ಹೆಸರಿನೊಡನೆ, ತಪ್ಪಿಲ್ಲದ ಕನ್ನಡದಲ್ಲಿ.

ಮುಂದಿನ ರಾಜ್ಯೋತ್ಸವಕ್ಕೆ ಇನ್ನೂ ತಿಂಗಳುಗಳಿವೆ. ಹಾಡು ಇರುವವರು ಈಗಲೇ ಕೂತು ನಿಮ್ಮ ಆ ಒಂದು ಚಿತ್ರ ಯಾವುದು ಎಂದು ಯೋಚಿಸಿ. ಪೆಟ್ಟಿಗೆಯೇ ಆಗಬೇಕೆಂದಿಲ್ಲ, ಬೆಳಗಿನ ಜಾವ ಸೈಟಿಗೆ ಹೋಗುವ ಬಸ್ಸಿನ ಕಿಟಕಿಯಾಗಬಹುದು, ತಾರಸಿಯಲ್ಲಿ ಒಣಗುವ ನೀಲಿ ಕವರ್‌ಆಲ್ ಆಗಬಹುದು, ಮಗಳ ಜೊತೆ ವಿಡಿಯೊ ಕಾಲಿನಲ್ಲಿರುವ ಮೊಬೈಲ್ ಆಗಬಹುದು. ಊರಿನ ತಮ್ಮ ಅದನ್ನು ನೋಡಿ, ‘ಅಣ್ಣ ದುಡಿಯುತ್ತಿದ್ದಾನೆ, ಹಾಡುತ್ತಲೂ ಇದ್ದಾನೆ’ ಎಂದು ತಿಳಿದುಕೊಂಡರೆ ಆ ವಿಡಿಯೊ ಗೆದ್ದಂತೆ. ಪೋಸ್ಟರು ಅಚ್ಚಿಗೆ ಹೋಗುವ ಮುಂಚೆ ಒತ್ತಕ್ಷರ ನೋಡಿಕೊಡಲು ಸಂಘದ ಸಂಪಾದಕ ಮಂಡಳಿಯ ನಾವೆಲ್ಲ ಸಿದ್ಧರಿದ್ದೇವೆ. ತಂದು ತೋರಿಸಿ.