ಕಾಫಿ ಬೊಡ್ಡೆಯೆಲ್ಲ ಒಲೆಗೇ ಏಕೆ?

ಮಳೆಗಾಲದ ಬಿಡುವಿನಲ್ಲಿ ಚಾಕು ಹಿಡಿದು ಮರ ಕೆತ್ತುವುದು ಕೆಲಸವಿಲ್ಲದವರ ಕೆಲಸವೆಂದು ಹಲವರ ಎಣಿಕೆ. ಇದು ಸರಿಯಲ್ಲ. ಸಾಗರ, ಸೊರಬದ ಗುಡಿಗಾರರಿಗೆ ಶ್ರೀಗಂಧ ಒಲಿದಿದೆ. ಹವ್ಯಾಸಕ್ಕೆ ನಮಗೆ ಕಿತ್ತ ಹಳೆಯ ಕಾಫಿ ಗಿಡವೇ ಸಾಕು. ಅದರ ಮರ ಗಟ್ಟಿ, ಎಳೆ ನಯ. ಹಸಿಯಿದ್ದಾಗಲೇ ಕೆತ್ತಿ, ನೆರಳಿನಲ್ಲಿ ನಿಧಾನವಾಗಿ ಒಣಗಿಸಿದರೆ ಸೀಳುವುದು ಕಡಿಮೆ. ಸೌಟಿನ ಹಿಡಿ, ಊರುಗೋಲು, ಮಕ್ಕಳ ಆಟಿಕೆ, ಏನಾದರೂ ಆದೀತು.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ಬಿಳಿ ಕಾಂಡಕೊರಕ ಹೊಕ್ಕ ಅರೇಬಿಕಾ ಬೊಡ್ಡೆಯನ್ನು ಕೆತ್ತಲೆಂದು ಕೂಡಿಡಬೇಡಿ. ಒಳಗಿನ ಹುಳು ದುಂಬಿಯಾಗಿ ಹೊರಬಿದ್ದು ತೋಟಕ್ಕೇ ಮರಳುತ್ತದೆ. ಅದನ್ನು ಕೂಡಲೇ ಸುಡಬೇಕು.

ಬೆಳೆಗಾರ ಬಂಧುಗಳು ಮಕ್ಕಳಿಗೂ ಚಾಕು ಕೊಟ್ಟು, ಅಲಗನ್ನು ಮೈಯಿಂದ ಆಚೆಗೆ ನಡೆಸುವುದನ್ನು ಕಲಿಸಲಿ. ಮರದ ಎಳೆ ಬಲ್ಲ ಕೈ ನಾಳೆ ಗಿಡಕಸಿಗೂ ಒದಗೀತು.