ಚರಂಡಿಯೂ ಧರ್ಮಕೇಂದ್ರದ ಚಿಂತೆಯೇ

ಮಳೆಗಾಲದಲ್ಲಿ ಬಡವರ ಕೇರಿಗೆ ನೀರು ನುಗ್ಗಿದಾಗ ಅಕ್ಕಿ, ಹೊದಿಕೆ ಹಂಚುವುದರಲ್ಲಿ ನಮ್ಮ ಧರ್ಮಕೇಂದ್ರಗಳು ಹಿಂದೆ ಬಿದ್ದಿಲ್ಲ. ಆದರೆ ಪ್ರತಿವರ್ಷವೂ ಅದೇ ಕೇರಿಗೆ ನೀರು ನುಗ್ಗುವುದೇಕೆಂದು ಕೇಳಿದವರೆಷ್ಟು ಮಂದಿ?

ಅಮೆರಿಕದ ಟೆಕ್ಸಾಸ್ ರಾಜ್ಯದ ಸ್ಯಾನ್ ಆಂಟೋನಿಯೊ ನಗರದ ನಿದರ್ಶನ ಇಲ್ಲಿ ಸ್ಮರಣೀಯ. ಮೆಕ್ಸಿಕೊ ಮೂಲದ ಬಡ ಕಥೋಲಿಕ ಕುಟುಂಬಗಳು ನೆಲೆಸಿದ್ದ ಅದರ ಪಶ್ಚಿಮ ಭಾಗದಲ್ಲಿ ಜೋರು ಮಳೆ ಬಂದರೆ ಬೀದಿಗಳೇ ಹೊಳೆಗಳಾಗುತ್ತಿದ್ದವು. 1974ರಲ್ಲಿ ಅದೇ ಊರಿನ ಅರ್ನೆಸ್ಟೊ ಕೊರ್ಟೆಸ್ ಅವರ ಮಾರ್ಗದರ್ಶನದಲ್ಲಿ ಧರ್ಮಕೇಂದ್ರಗಳ ಜನರು ‘ಕಾಪ್ಸ್’ ಎಂಬ ಸಂಘ ಕಟ್ಟಿದರು. ಹಳೆಯ ದಾಖಲೆಗಳನ್ನು ಶೋಧಿಸಿದಾಗ, ಚರಂಡಿ ಯೋಜನೆಗಳು ದಶಕಗಳ ಹಿಂದೆಯೇ ಮಂಜೂರಾಗಿ ಮೂಲೆಗುಂಪಾಗಿದ್ದುದು ತಿಳಿಯಿತು. ನೂರಾರು ಮಂದಿ ಒಟ್ಟಾಗಿ ನಗರಸಭೆಯಲ್ಲಿ ಉತ್ತರ ಕೇಳಿದರು. ಅದೇ ನವೆಂಬರಿನಲ್ಲಿ ಚರಂಡಿಗಳಿಗಾಗಿ 4 ಕೋಟಿ ಡಾಲರಿಗೂ ಮಿಕ್ಕ ಸಾರ್ವಜನಿಕ ಸಾಲಕ್ಕೆ ಮತದಾರರು ಒಪ್ಪಿಗೆಯಿತ್ತರು.

ಅವರು ಗಳಿಸಿದ್ದು ಚರಂಡಿಯನ್ನು ಮಾತ್ರವಲ್ಲ, ಅಧಿಕಾರದ ಎದುರು ತಲೆಯೆತ್ತಿ ಮಾತನಾಡುವ ಧೈರ್ಯವನ್ನು. ದಾನದಲ್ಲಿ ಕೊಡುವ ಕೈ ಮೇಲಿರುತ್ತದೆ. ಸಂಘದಲ್ಲಿ ಎಲ್ಲ ಕೈಗಳೂ ಸಮ.

ನಮ್ಮ ನಗರಗಳ ಧರ್ಮಕೇಂದ್ರಗಳಲ್ಲಿಯೂ ವಾರ್ಡುಗಳಿವೆ, ಗುರಿಕಾರರಿದ್ದಾರೆ. ಜಪಸರಕ್ಕೆ ಕೂಡುವ ಮನೆಗಳು, ಜಾತಿಮತ ನೋಡದೆ ಕೇರಿಯವರನ್ನೆಲ್ಲ ಕರೆದು, ನೀರು, ಬೀದಿದೀಪ, ಚರಂಡಿಗಳ ಕುರಿತೂ ಒಂದು ಗಳಿಗೆ ಕೂಡಲಾಗದೇ? ನೆರೆಯವನನ್ನು ಪ್ರೀತಿಸಬೇಕೆಂಬ ಆಜ್ಞೆ, ಆತನ ಹೊಸ್ತಿಲಿಗೆ ಕೊಳಚೆ ನೀರು ಬಾರದಂತೆ ನೋಡಿಕೊಳ್ಳುವುದನ್ನೂ ಒಳಗೊಂಡಿದೆ.