ಲಕ್ವ ಹೊಡೆದ ಮೇಲೆ ‘ಇನ್ನು ಇಷ್ಟೇ’ ಅನ್ನುವುದು ನಿಜವೇ?

“ಲಕ್ವ ಹೊಡೆದ ಕೂಡಲೇ ಹತ್ತೂ ಬೆರಳಿನ ತುದಿಗೆ ಸೂಜಿ ಚುಚ್ಚಿ ರಕ್ತ ತೆಗೆಯಿರಿ, ರೋಗಿ ಎದ್ದು ಕೂರುತ್ತಾರೆ.” ಈ ಫಾರ್ವರ್ಡ್ ನಿಮಗೂ ಬಂದಿರಬಹುದು. ಇದು ಸುಳ್ಳು. ಕಟ್ಟಿಕೊಂಡಿರುವುದು ಅಥವಾ ಒಡೆದಿರುವುದು ಮೆದುಳಿನ ರಕ್ತನಾಳ. ಬೆರಳು ಚುಚ್ಚಿದರೆ ಅದು ಸರಿಹೋಗುವುದಿಲ್ಲ. ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಸೂಜಿ ಹುಡುಕುತ್ತಾ ಕಳೆಯುವುದು ಆ ಹೊತ್ತನ್ನೇ. 108ಕ್ಕೆ ಫೋನ್ ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಿ.

ಇಷ್ಟನ್ನು ಬಹಳ ಜನ ಬರೆದಿದ್ದಾರೆ. ಜೀವ ಉಳಿದು, ಡಿಸ್ಚಾರ್ಜ್ ಆಗಿ, ರೋಗಿ ನಾಗಮಂಗಲದ ಕಡೆಯದೋ ಕೆ.ಆರ್. ಪೇಟೆ ಕಡೆಯದೋ ಒಂದು ಹಳ್ಳಿಗೆ ವಾಪಸ್ ಬಂದ ಮೇಲೆ ಏನು? ಒಬ್ಬರು ಪಾರಿವಾಳದ ಮಾಂಸ ತಿನ್ನಿಸಿ ಎನ್ನುತ್ತಾರೆ, ಇನ್ನೊಬ್ಬರು ಎಣ್ಣೆ ಹಚ್ಚಿ ಎಳೆದು ತಿಕ್ಕಿ ಎನ್ನುತ್ತಾರೆ. ಜನ ಇದನ್ನೆಲ್ಲ ಮಾಡುವುದು ಬರೀ ಮೂಢನಂಬಿಕೆಯಿಂದ ಅಂತ ನಮಗೆ ಅನಿಸುವುದಿಲ್ಲ. ಮುಂದೇನು ಮಾಡಬೇಕು ಅಂತ ಎಷ್ಟೋ ಸಲ ಅವರಿಗೆ ಯಾರೂ ಹೇಳಿರುವುದೇ ಇಲ್ಲ.

ಅದನ್ನು ಹೇಳುವುದಕ್ಕೆಂದೇ ಒಂದು ವೈದ್ಯಕೀಯ ವಿಭಾಗವಿದೆ: ಫಿಸಿಕಲ್ ಮೆಡಿಸಿನ್ ಅಂಡ್ ರಿಹ್ಯಾಬಿಲಿಟೇಶನ್, ಚಿಕ್ಕದಾಗಿ ಪಿ.ಎಂ.ಆರ್. ಕನ್ನಡದಲ್ಲಿ ‘ಪುನರ್ವಸತಿ’ ಅಂದರೆ ಶ್ರೀರಂಗಪಟ್ಟಣ, ಪಾಂಡವಪುರದ ಹಿರಿಯರಿಗೆ ಕನ್ನಂಬಾಡಿ ಕಟ್ಟೆಯಲ್ಲಿ ಮುಳುಗಡೆಯಾದ ಊರುಗಳು ನೆನಪಾಗಬಹುದು, ಉಳಿದವರಿಗೆ ಕುಡಿತ ಬಿಡಿಸುವ ಕೇಂದ್ರ. ಇಲ್ಲಿ ಅದರ ಅರ್ಥ, ಕಳೆದುಹೋದ ಕೆಲಸವನ್ನು ದೇಹಕ್ಕೆ ಮತ್ತೆ ಕಲಿಸುವುದು. ಎಂ.ಬಿ.ಬಿ.ಎಸ್. ನಂತರ ಮೂರು ವರ್ಷ ಎಂ.ಡಿ. ಓದಿದ ಈ ವೈದ್ಯರಿಗೆ ಫಿಸಿಯಾಟ್ರಿಸ್ಟ್ ಅನ್ನುತ್ತಾರೆ. ಇವರು ಮನೋವೈದ್ಯರಲ್ಲ, ಫಿಸಿಯೋಥೆರಪಿಸ್ಟ್ ಕೂಡ ಅಲ್ಲ. ಫಿಸಿಯೋಥೆರಪಿಸ್ಟ್, ಮಾತಿನ ಚಿಕಿತ್ಸೆ ಕೊಡುವವರು, ಕೃತಕ ಕಾಲು ಮಾಡುವವರು ಎಲ್ಲರೂ ಇವರ ತಂಡದಲ್ಲಿರುತ್ತಾರೆ. ಇವರು ಕೇಳುವ ಪ್ರಶ್ನೆಗಳೇ ಬೇರೆ: ಅಂಗಿ ಗುಂಡಿ ಹಾಕಿಕೊಳ್ಳೋಕೆ ಆಗುತ್ತಾ? ಬಚ್ಚಲಿಗೆ ಒಬ್ಬರೇ ಹೋಗ್ತೀರಾ?

ಭಾರತದಲ್ಲಿ ಈ ವಿಭಾಗಕ್ಕೆ ಬುನಾದಿ ಹಾಕಿದವರಲ್ಲಿ ಡಾ. ಮೇರಿ ವರ್ಗೀಸ್ ಒಬ್ಬರು. 1954ರ ರಸ್ತೆ ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಹೋದ ಅವರು ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. 1966ರಲ್ಲಿ ವೆಲ್ಲೂರಿನಲ್ಲಿ ಶುರುವಾದ ಪುನಶ್ಚೇತನ ಕೇಂದ್ರದ ಹಿಂದೆ ಇದ್ದವರೂ ಅವರೇ. ಮರದಿಂದ ಬಿದ್ದು ಬೆನ್ನುಹುರಿ ಮುರಿದುಕೊಂಡವರಿಗೂ, ಹೆದ್ದಾರಿ ಅಪಘಾತದಲ್ಲಿ ಕಾಲು ಕಳೆದುಕೊಂಡವರಿಗೂ ಬೇಕಾದದ್ದು ಇದೇ ವಿಭಾಗ.

ಹಾಗಾದರೆ ಎಣ್ಣೆ ತಿಕ್ಕಿದ ಮೇಲೆ ಕೈ ಅಲ್ಲಾಡಿತಲ್ಲ? ಮೊದಲ ಕೆಲವು ವಾರಗಳಲ್ಲಿ ಮೆದುಳು ತಾನಾಗಿಯೇ ಸ್ವಲ್ಪ ಚೇತರಿಸಿಕೊಳ್ಳುತ್ತದೆ. ಆಗ ಯಾರು ಏನು ಮಾಡುತ್ತಿದ್ದರೋ ಹೆಸರು ಅವರಿಗೆ. ಮೃದುವಾಗಿ ಎಣ್ಣೆ ಸವರಿದರೆ ತೊಂದರೆಯಿಲ್ಲ. ಸ್ವಾಧೀನವಿಲ್ಲದ ಕೈಯನ್ನು ಹಿಡಿದು ಎಳೆದರೆ ಭುಜದ ಕೀಲು ಜಾರಿ, ವರ್ಷಗಟ್ಟಲೆ ನೋವು ಉಳಿಯಬಹುದು. ಎಬ್ಬಿಸುವಾಗಲೂ ಆ ಕೈಯನ್ನು ಎಳೆಯಬೇಡಿ. ನುಂಗಲು ಕಷ್ಟಪಡುವವರಿಗೆ ಬಲವಂತವಾಗಿ ನೀರು, ಗಂಜಿ ಹಾಕಿದರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಮಲಗಿದಲ್ಲೇ ಇರುವವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಇಲ್ಲವಾದರೆ ಬೆನ್ನು, ಸೊಂಟದಲ್ಲಿ ಹುಣ್ಣಾಗುತ್ತದೆ. ಚೇತರಿಕೆ ಹೆಚ್ಚು ಕಾಣುವುದು ಮೊದಲ ಮೂರರಿಂದ ಆರು ತಿಂಗಳಲ್ಲಿ. ಆಮೇಲೂ ನಿಧಾನವಾಗಿ ಸುಧಾರಿಸುವುದುಂಟು, ಆದರೆ ಮೊದಲ ತಿಂಗಳುಗಳನ್ನು ನಾಟಿ ಔಷಧಿಗೆ ಅಲೆಯುವುದರಲ್ಲೇ ಕಳೆದವರಿಗೆ ನಷ್ಟ ದೊಡ್ಡದು.

ತಾಲ್ಲೂಕು ಆಸ್ಪತ್ರೆಯ ಬೋರ್ಡಿನಲ್ಲಿ ಈ ವಿಭಾಗದ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರಸಂಬಂಧಿ ಪುನಶ್ಚೇತನಕ್ಕೆ ಪ್ರತ್ಯೇಕ ವಿಭಾಗವಿದೆ. ಮಾತು ನಿಂತುಹೋಗಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹತ್ತಿರವೇ ಆಗುತ್ತದೆ. ಡಿಸ್ಚಾರ್ಜ್ ಆಗುವ ದಿನವೇ “ಪಿ.ಎಂ.ಆರ್.ಗೆ ಎಲ್ಲಿಗೆ ಹೋಗಬೇಕು, ಮನೆಯಲ್ಲಿ ಯಾವ ವ್ಯಾಯಾಮ ಮಾಡಿಸಬೇಕು” ಅಂತ ಕೇಳಿ ಬರೆಸಿಕೊಳ್ಳಿ. ಅಂಗವೈಕಲ್ಯ ಉಳಿದರೆ ಯು.ಡಿ.ಐ.ಡಿ. ಕಾರ್ಡ್, ಗಾಲಿಕುರ್ಚಿ, ಮಾಸಾಶನದ ಅರ್ಜಿಗಳಿಗೆ ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು, ಅಂದರೆ ವಿ.ಆರ್.ಡಬ್ಲ್ಯೂ. ಅವರನ್ನು ಕೇಳಿ. ಅವರು ಸಿಗದಿದ್ದರೆ ತಾಲ್ಲೂಕು ಪಂಚಾಯಿತಿ ಕಚೇರಿಯಲ್ಲಿ ಎಂ.ಆರ್.ಡಬ್ಲ್ಯೂ. ಯಾರು ಎಂದು ವಿಚಾರಿಸಿ.